ಅಮ್ಮನ ಡಿಸೈನ್‌ಗಳಿದ್ದ ಹಾರ್ಡ್ ಡಿಸ್ಕ್

"ಫಾರ್ಮ್ಯಾಟ್ ಮಾಡ್ಬಿಡ್ತೀನಿ ಆಂಟಿ. ಹಳೇ ಡಿಸ್ಕು, ಓಪನ್ ಆಗ್ತಿಲ್ಲ."

ವಿಜಯನಗರದ ಅಂಗಡಿಯವನು ಇಷ್ಟನ್ನು ಹೇಳಿದ್ದು ಪರದೆಯಿಂದ ಕಣ್ಣನ್ನೂ ಎತ್ತದೆ.

ಅಮ್ಮ ಮೂಡಲಪಾಳ್ಯದ ನಮ್ಮ ಮನೆಯಲ್ಲೇ ಬ್ಲೌಸ್‌ಗಳಿಗೆ ಎಂಬ್ರಾಯ್ಡರಿ ಹಾಕಿಕೊಡುತ್ತಾಳೆ. ಡಿಸೈನ್‌ಗಳನ್ನು ಕಂಪ್ಯೂಟರ್‌ನಲ್ಲಿ ತಾನೇ ಬಿಡಿಸಿ, ಪೆನ್‌ಡ್ರೈವ್‌ನಲ್ಲಿ ಮಷೀನಿಗೆ ಕೊಡುತ್ತಾಳೆ. ಆಯುಧಪೂಜೆಯ ಮರುದಿನ ಆ ಕಂಪ್ಯೂಟರ್ ಕೆಟ್ಟು ನಿಂತಿತು. ರಿಪೇರಿ ಮಾಡಿ, ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದ ಇನ್ನೊಂದು ಹಳೆಯ ಕಂಪ್ಯೂಟರನ್ನು ಇವನ ಬಳಿಯೇ ಕೊಂಡು, ಹಳೆಯ ಹಾರ್ಡ್ ಡಿಸ್ಕನ್ನು ಅದಕ್ಕೆ ಜೋಡಿಸಲು ಹೇಳಿದ್ದೆವು.

"ಅದ್ರಲ್ಲಿ ನನ್ನ ಡಿಸೈನ್ ಎಲ್ಲಾ ಇದಾವಪ್ಪಾ," ಎಂದಳು ಅಮ್ಮ.

"ಡಿಸೈನ್ ತಾನೆ? ನೆಟ್ಟಲ್ಲಿ ರಾಶಿ ಸಿಗುತ್ತೆ, ಇಳಿಸ್ಕೊಳಿ."

ನನಗೆ ಮೈಯೆಲ್ಲ ಉರಿಯಿತು. ಒಬ್ಬೊಬ್ಬ ಮದುಮಗಳ ಸೀರೆಯ ಅಂಚು ನೋಡಿ, ಅದಕ್ಕೆ ಹೊಂದುವ ಬಳ್ಳಿಯನ್ನು ಅಮ್ಮ ಎಲೆ ಎಲೆಯಾಗಿ ಬಿಡಿಸಿದ್ದಳು. ಡಿಸ್ಕ್ ಅಳಿಸಿದರೆ ಇಷ್ಟು ವರ್ಷಗಳ ಕೆಲಸವೆಲ್ಲ ಹೋದಂತೆ.

"ಏನೂ ಅಳಿಸ್ಬೇಡಿ. ಹಾಗೇ ಫಿಟ್ ಮಾಡಿ ಕೊಡಿ," ಎಂದೆ.

"ಆಮೇಲೆ ನನ್ನ ಕೇಳ್ಬೇಡ ಗುರು."

ಮನೆಗೆ ತಂದು ಆ ಡಿಸ್ಕ್ ತೆರೆಯಲು ನೋಡಿದೆ. ಪರದೆಯ ಮೇಲೆ ಕಾರಣ ಸ್ಪಷ್ಟವಾಗಿಯೇ ಬಂತು: ಈ ಡಿಸ್ಕಿನ ವಿಂಡೋಸ್ ಪೂರ್ತಿ ಮುಚ್ಚಿಲ್ಲ, ಹೈಬರ್ನೇಟ್ ಆಗಿದೆ, ಅಂದರೆ ತೆರೆದದ್ದನ್ನೆಲ್ಲ ಹಾಗೇ ಇಟ್ಟುಕೊಂಡು ಮಲಗಿದೆ. ಅಮ್ಮನನ್ನು ಕೇಳಿದೆ.

"ಪೂಜೆ ದಿನ ಶಟ್ ಡೌನ್ ಕೊಡ್ತಾರೇನೋ? ಕಸುಬಿಗೆ ಬಾಗಿಲು ಹಾಕಿದ ಹಾಗಲ್ವಾ? ಕುಂಕುಮ ಇಟ್ಟು ಹೈಬರ್ನೇಟ್ ಕೊಟ್ಟೆ. ಬೆಳಗ್ಗೆ ಏಳ್ಲಿ ಅಂತ."

ಬೆಳಗ್ಗೆ ಅದು ಏಳಲಿಲ್ಲ, ಅಷ್ಟೆ. ಡಿಸ್ಕಿಗೆ ಏನೂ ಆಗಿರಲಿಲ್ಲ. ಇಂಥ ಸ್ಥಿತಿಯಲ್ಲಿ ಲಿನಕ್ಸ್ ಅದರ ಮೇಲೆ ಹೊಸದೇನನ್ನೂ ಬರೆಯುವುದಿಲ್ಲ. ಇರುವುದನ್ನು ಓದಲು ಅಡ್ಡಿಯಿಲ್ಲ. ನಮಗೆ ಬೇಕಾಗಿದ್ದೂ ಅಷ್ಟೇ. ಓದಲು ಮಾತ್ರ ತೆರೆದೆ, ಅಮ್ಮನ ಫೋಲ್ಡರ್‌ಗಳೆಲ್ಲ ಕಾಣಿಸಿದವು. ಹೊಸ ಕಂಪ್ಯೂಟರ್‌ಗೆ ಒಂದು ನಕಲು, ಪೆನ್‌ಡ್ರೈವ್‌ಗೆ ಇನ್ನೊಂದು. ದಿನಚರಿಯಲ್ಲಿ ಬರೆದುಕೊಂಡೆ: ಇನ್ನೂರ ಹದಿನೆಂಟು ಡಿಸೈನ್, ಒಂದೂ ಹಾಳಾಗಿಲ್ಲ.

ಇದನ್ನೇ ಆ ಮನುಷ್ಯ ಅಳಿಸಿಹಾಕಲು ಹೊರಟಿದ್ದ! ಎರಡು ಸಾಲು ಓದುವ ತಾಳ್ಮೆ ಇಲ್ಲದವನು ಇನ್ನೊಬ್ಬರ ಕೆಲಸದ ಬೆಲೆ ಕಟ್ಟುತ್ತಾನೆ. ನಮಗಿಂತ ಮುಂಚೆ ಅದೆಷ್ಟು ಜನ ಅವನ ಮಾತು ನಂಬಿ "ಆಯ್ತು ಸಾರ್, ಮಾಡಿ" ಎಂದಿದ್ದರೋ. ಈಗಲೇ ಹೋಗಿ ಕೇಳುತ್ತೇನೆಂದು ಚಪ್ಪಲಿ ಮೆಟ್ಟಿದೆ.

ಅಮ್ಮ ಆಗಲೇ ಮಷೀನಿಗೆ ಪೆನ್‌ಡ್ರೈವ್ ಸಿಕ್ಕಿಸಿ ತೋಳಿನ ಬಳ್ಳಿಯೊಂದನ್ನು ಆರಿಸಿದ್ದಳು.

"ಅವನನ್ನ ನಾಳೆ ಬೈಯೋವಂತೆ. ಮೊದ್ಲು ಈ ಹಸಿರು ದಾರ ಏರಿಸ್ಕೊಡು ಬಾ. ನಂಗೆ ಸೂಜಿ ಕಣ್ಣು ಕಾಣ್ತಿಲ್ಲ."

ದಾರ ಏರಿಸಿಕೊಟ್ಟೆ, ಬೈಯುತ್ತಲೇ.