ಮೂರನೇ ಗುಡ್ಡೆ

ಹದಿನಾರು ಕಾರ್ಡು. ಅಂಗೈ ಅಗಲದವು, ಲ್ಯಾಮಿನೇಷನ್ ಮಾಡಿಸಿದವು. ಆ ಒಂದು ವರ್ಷ ನನಗೆ ಅನ್ನ ಹಾಕಿದ್ದು ಅವೇ. ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಕೆಲಸವಿಲ್ಲದೆ ನಮ್ಮೂರು ಹೆಡತಲೆಯ ಮನೆಯಲ್ಲಿ ಅವ್ವನ ಬೈಗುಳ ತಿನ್ನುತ್ತಾ ಕೂತಿದ್ದಾಗ ಮೈಸೂರಿನ ಸಂಶೋಧಕರೊಬ್ಬರು ನನ್ನನ್ನು ಕ್ಷೇತ್ರ ಸಹಾಯಕಿಯಾಗಿ ಸೇರಿಸಿಕೊಂಡಿದ್ದರು. ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳ ಶಾಲೆಗಳಿಗೆ ಹೋಗಬೇಕು. ಐದನೇ ಕ್ಲಾಸಿನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎದುರಿಗೆ ಕೂರಿಸಿಕೊಂಡು, ಕಾರ್ಡು ಹರಡಿ, "ಜೊತೆಗಿರಬೇಕಾದ್ದನ್ನೆಲ್ಲ ಒಂದೊಂದು ಗುಡ್ಡೆ ಮಾಡು" ಎನ್ನಬೇಕು. ಆಮೇಲೆ ಅಂಕ ಹಾಕಬೇಕು.

ಕಾರ್ಡಿನಲ್ಲಿದ್ದದ್ದು ಎಲ್ಲರಿಗೂ ಗೊತ್ತಿರುವ ಸಾಮಾನೇ. ಹಸು, ಎತ್ತು, ಮೇಕೆ, ಕೋಳಿ. ಬದನೆ, ಟೊಮೇಟೊ, ಕುಂಬಳ, ಸೊಪ್ಪು. ನೇಗಿಲು, ಗುದ್ದಲಿ, ಕುಡುಗೋಲು, ಪೊರಕೆ. ಬಿಂದಿಗೆ, ಬಕೆಟ್ಟು, ತಪ್ಪಲೆ, ಚೊಂಬು. ಪ್ರಾಣಿ, ತರಕಾರಿ, ಸಲಕರಣೆ, ಪಾತ್ರೆ ಎಂದು ನಾಲ್ಕು ಗುಡ್ಡೆಯಾದರೆ ಪೂರ್ತಿ ಅಂಕ. ಬೇರೆ ಹೇಗೆ ಜೋಡಿಸಿದರೂ ಸೊನ್ನೆ. ಸೊನ್ನೆಯ ಪಕ್ಕದಲ್ಲಿ ಬರೆಯಬೇಕಾದ ಒಂದು ಸಾಲನ್ನೂ ಕೈಪಿಡಿಯಲ್ಲೇ ಕೊಟ್ಟಿದ್ದರು: 'ವರ್ಗೀಕರಣದ ಆಧಾರ ಗುರುತಿಸಲಾಗದು.' ಯಾರಿಗೆ ಗುರುತಿಸಲಾಗದು ಎಂದು ಕೇಳುವ ಬುದ್ಧಿ ನನಗೆ ಆಗ ಇರಲಿಲ್ಲ. ಹೊಸ ಬ್ಯಾಗು, ಕೊರಳಿಗೆ ಗುರುತಿನ ಚೀಟಿ, ಮಕ್ಕಳು ಎದ್ದುನಿಂತು "ನಮಸ್ತೇ ಮಿಸ್" ಎನ್ನುವ ಖುಷಿ. ಕಾಲು ನೆಲದ ಮೇಲಿರಲಿಲ್ಲ.

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ಒಂದು ಹಳ್ಳಿ. ಹೆಸರು ಬೇಡ. ಅಲ್ಲಿನ ಶಾಲೆಯಲ್ಲಿ ಒಬ್ಬಳು ಹುಡುಗಿ ಬಂದು ಕೂತಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಹಿಮ್ಮಡಿಯಲ್ಲಿ ಸಗಣಿಯ ಒಣಗಿದ ಗುರುತು. ಕಾರ್ಡುಗಳನ್ನು ನೋಡಿ ನಕ್ಕಳು. "ಎಲ್ಲಾ ನಮ್ಮನೆ ಸಾಮಾನೇ ಅವೆ ಮಿಸ್" ಎಂದಳು. ಸರಸರನೆ ಮೂರು ಗುಡ್ಡೆ ಮಾಡಿದಳು. ಒಂದರಲ್ಲಿ ನೇಗಿಲು, ಎತ್ತು, ಗುದ್ದಲಿ. ಇನ್ನೊಂದರಲ್ಲಿ ಕುಡುಗೋಲು, ಬದನೆ, ಟೊಮೇಟೊ, ಕುಂಬಳ, ತಪ್ಪಲೆ. ಮಿಕ್ಕದ್ದೆಲ್ಲ ಮೂರನೆಯದರಲ್ಲಿ. ಹಸುವಿನ ಕಾರ್ಡು ಮಾತ್ರ ಕೈಯಲ್ಲೇ ಉಳಿಯಿತು. ಎರಡನೇ ಗುಡ್ಡೆಗೆ ಇಟ್ಟಳು, ತೆಗೆದಳು, ತುಸು ಹೊತ್ತು ಯೋಚಿಸಿ ಮೂರನೆಯದಕ್ಕೆ ಇಟ್ಟಳು.

ಯಾಕೆ ಹೀಗೆ ಜೋಡಿಸಿದೆ ಎಂದು ಒಂದೇ ಒಂದು ಸಲ ಕೇಳಲು ಕೈಪಿಡಿಯಲ್ಲಿ ಅನುಮತಿಯಿತ್ತು. ಕೇಳಿದೆ.

"ಇದು ಅಪ್ಪಂದು. ಇದು ಅವ್ವಂದು" ಎಂದು ಬೆರಳಿಟ್ಟು ತೋರಿಸಿದಳು. "ಇದು ನಂದು. ಹಸ ಅವ್ವುನ್ದೇ, ಆದ್ರೆ ಅವ್ವ ಕೂಲಿಗೆ ವೋದಾಗ ನಾನೇ ಕರೀಬೇಕು. ಬ್ಯಾರೆಯೋರು ಕೈ ಆಕುದ್ರೆ ಒದೀತದೆ ಮಿಸ್."

ಮೇಕೆ, ಕೋಳಿ, ಸೊಪ್ಪು, ಪೊರಕೆ, ಬಿಂದಿಗೆ, ಬಕೆಟ್ಟು, ಚೊಂಬು, ಹಸು. ಮೂರರಲ್ಲಿ ಅವಳ ಗುಡ್ಡೆಯೇ ದೊಡ್ಡದು. ಹತ್ತು ವರ್ಷದ ಮಗುವಿನ ಇಡೀ ದಿನ ನನ್ನ ಮುಂದೆ ಬಿದ್ದಿತ್ತು. ನಾನು ಸೊನ್ನೆ ಹಾಕಿ, ಆ ಸಾಲನ್ನು ದುಂಡಗಿನ ಅಕ್ಷರದಲ್ಲಿ ಬರೆದೆ. ಹಸುವಿನ ವಿಷಯಕ್ಕೆ 'ನಿರ್ಧಾರದಲ್ಲಿ ಗೊಂದಲ' ಎಂದು ಇನ್ನೊಂದು ಸಾಲು ಸೇರಿಸಿದೆ.

ಹೊರಡುವಾಗ ಮುಖ್ಯೋಪಾಧ್ಯಾಯರು ಟೀ ತರಿಸಿದರು. ಒಳ್ಳೆಯ ಮನುಷ್ಯ, ನನಗಾಗಿ ತಮ್ಮ ಕೊಠಡಿಯನ್ನೇ ಬಿಟ್ಟುಕೊಟ್ಟಿದ್ದರು. "ಮೇಡಮ್, ಯಾರ್ಯಾರು ವೀಕು ಅಂತ ಒಂಚೂರು ಬರ್ಕೊಡಿ. ನಾವೂ ಗಮನ ಕೊಡ್ಬೋದು" ಎಂದರು. ಹೆಸರು ಯಾರಿಗೂ ಕೊಡಕೂಡದು ಎಂಬುದು ನನಗೆ ಹೇಳಿಕೊಟ್ಟಿದ್ದ ಮೊದಲ ಪಾಠ. ಆದರೆ ಟೀ ಕುಡಿದಾಗಿತ್ತು, ಬಸ್ಸಿಗೆ ಹೊತ್ತಾಗಿತ್ತು, ಮೇಲಾಗಿ ಮೇಷ್ಟ್ರೊಬ್ಬರು ನನ್ನ ಅಭಿಪ್ರಾಯ ಕೇಳಿದ್ದು ಹಿತವಾಗಿತ್ತು. ಏಳು ಹೆಸರು ಬರೆದುಕೊಟ್ಟೆ. ಅವಳದು ಮೂರನೆಯದು.

ಮನೆಗೆ ಹೋದ ಮೇಲೆ ಬ್ಯಾಗಿನಿಂದ ಕಾರ್ಡು ತೆಗೆದು ಅವ್ವನ ಮುಂದೆ ಹರಡಿದೆ. ಸುಮ್ಮನೆ ತಮಾಷೆಗೆ. ಅವ್ವ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು ಜೋಡಿಸಿದಳು. ನೇಗಿಲು, ಎತ್ತು, ಗುದ್ದಲಿ ಒಂದು ಕಡೆ. "ಇದು ನಿಮ್ಮಪ್ಪಂದು. ಇದೆಲ್ಲಾ ನಂದು" ಎಂದಳು. ಒಂದು ಚೊಂಬನ್ನು ಮಾತ್ರ ನನ್ನ ಕಡೆಗೆ ತಳ್ಳಿ, "ಇದು ನಿಂದು. ನೀರ್ ಕುಡಿಯೋದೊಂದ್ ಬುಟ್ರೆ ಈ ಮನೇಲಿ ನೀ ಮಾಡೋ ಕೆಲ್ಸ ಏನದೆ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅವ್ವನೂ ಆ ಹುಡುಗಿಯ ಹಾಗೆಯೇ ಜೋಡಿಸಿದ್ದಳು.

ಬೆಳಿಗ್ಗೆ ಸಂಶೋಧಕರಿಗೆ ಫೋನು ಮಾಡಿದೆ. ಆ ಹುಡುಗಿಯ ಮೂರು ಗುಡ್ಡೆಯ ವಿಷಯ ಹೇಳಿ, ಹಳ್ಳಿಯ ಮಕ್ಕಳು ಸಾಮಾನನ್ನು ಅದರ ಬಗೆಯಿಂದ ನೋಡುವುದಿಲ್ಲ, ಯಾರ ಕೈಯ ಕೆಲಸ ಎಂಬುದರಿಂದ ನೋಡುತ್ತಾರೆ, ಅದೂ ಒಂದು ಆಧಾರವೇ ಅಲ್ಲವೇ ಎಂದೆ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡರು. "ಒಬ್ಬಳಿಗೆ ಬದಲಾಯಿಸಿದರೆ ಎಲ್ಲರಿಗೂ ಬದಲಾಯಿಸಬೇಕಮ್ಮ. ಮಗುವಿಗೇನೂ ತೊಂದರೆಯಿಲ್ಲ, ಹೆಸರು ಎಲ್ಲೂ ಹೊರಗೆ ಬರುವುದಿಲ್ಲವಲ್ಲ" ಎಂದರು. ಹೆಸರು ಆಗಲೇ ಹೊರಗೆ ಬಂದಿತ್ತು. ಅದನ್ನು ಅವರಿಗೆ ಹೇಳಲಿಲ್ಲ. ಒಂದು ಬಸ್ಸು ಹತ್ತಿ ಹೋಗಿ ಆ ಪಟ್ಟಿಯನ್ನು ವಾಪಸು ಇಸಿದುಕೊಳ್ಳಬಹುದಿತ್ತು. ಅಂದು ಹೆಮ್ಮರಗಾಲದ ಶಾಲೆಗೆ ಹೋಗಬೇಕಿತ್ತು, ಮರುದಿನ ಕವಲಂದೆಗೆ. ಹೀಗೆ ನೆಪಗಳನ್ನು ಹುಡುಕಿಕೊಂಡೆ. ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಅಷ್ಟೇ.

ಈಗ ನಾನು ನರಸೀಪುರದ ಬಿ.ಎಡ್. ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಮಕ್ಕಳ ಬುದ್ಧಿಮಟ್ಟದ ವರ್ಗೀಕರಣ ಎಂಬ ಪಾಠವನ್ನು ಪ್ರತಿ ವರ್ಷ ಮಾಡುತ್ತೇನೆ. ಹೋದ ವರ್ಷ, ಶಾಲೆ ಬಿಟ್ಟವರ ಬಗ್ಗೆ ವರದಿ ಬರೆಸಲು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಊರಾಚೆಯ, ರೇಷ್ಮೆ ನೂಲು ತೆಗೆಯುವ ಶೆಡ್ಡಿಗೆ ಹೋದೆ. ಒಳಗೆ ಕುದಿಯುವ ಗೂಡಿನ ಕಮಟು ವಾಸನೆ. ಬಾಗಿಲ ಬಳಿ ನಾಲ್ಕು ಹೆಂಗಸರು ರೇಷ್ಮೆಗೂಡು ಆರಿಸುತ್ತಿದ್ದರು. ಅವರ ನಡುವೆ ಕೂತಿದ್ದ ಹುಡುಗಿಯೊಬ್ಬಳು ತಲೆಯೆತ್ತಿ ನೋಡಿ, "ಕಾರ್ಡ್ ಮಿಸ್ಸು ಅಲ್ವ ನೀವು?" ಎಂದಳು.

ಅವಳೇ. ಹದಿನಾರು ತುಂಬಿರಬಹುದು. ಗೂಡು ಕುದಿಸುವ ನೀರಿನಲ್ಲಿ ಆಡಿ ಬೆರಳಿನ ತುದಿಗಳು ಬಿಳಚಿಕೊಂಡು ಸುಕ್ಕುಗಟ್ಟಿದ್ದವು. ಮಾತಾಡುತ್ತಲೇ ಕೈ ಓಡುತ್ತಿತ್ತು: ಒಳ್ಳೆಯ ಗೂಡು ಒಂದು ಬುಟ್ಟಿಗೆ, ಎರಡು ಹುಳ ಸೇರಿ ಕಟ್ಟಿದ ಜೋಡಿಗೂಡು ಇನ್ನೊಂದಕ್ಕೆ, ಕಲೆಯಾದದ್ದು, ತೂತು ಬಿದ್ದದ್ದು ಬೇರೆ ಬೇರೆಗೆ. ಒಮ್ಮೆ ಕಣ್ಣು ಹಾಯಿಸಿ ಬೆರಳಾಡಿಸುವಷ್ಟರಲ್ಲೇ ಗುರುತಿಸುತ್ತಿದ್ದಳು. ಪಕ್ಕದ ಹೆಂಗಸು, "ಇವ್ಳಷ್ಟು ಜಲ್ದಿ ಆರ್ಸೋರು ಈ ಶೆಡ್ನಲ್ಲೇ ಇಲ್ಲ ಕಣ್ರವ್ವ" ಎಂದಳು.

"ಓದು ಯಾಕೆ ಬಿಟ್ಟೆ?" ಎಂದೆ. ಕೇಳುವ ಯೋಗ್ಯತೆ ನನಗಿರಲಿಲ್ಲ.

"ನೀವು ಬಂದೋದ್ಮೇಲೆ ಎಡ್ಮಾಸ್ಟ್ರು ಅವ್ವಂಗೆ ಒಂದು ಚೀಟಿ ಕೊಟ್ರು. ತಲೇಗೆ ಅತ್ತಕ್ಕಿಲ್ಲ ಅಂದ್ಮೇಲೆ ಯಾಕೆ ಅಂತ ಅವ್ವ ಏಳ್ನೇ ಕ್ಲಾಸ್ಗೆ ಬುಡುಸ್ಬುಟ್ಲು." ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಅವತ್ತು ನಾ ಎಲ್ಲಾ ತಪ್ಪು ಜೋಡುಸ್ಬುಟ್ಟಿದ್ದೆ ಅಲ್ವ ಮಿಸ್?"

"ಇಲ್ಲ. ನೀನು ಸರಿಯಾಗೇ ಜೋಡಿಸಿದ್ದೆ. ತಪ್ಪು ಮಾಡಿದ್ದು ನಾನು."

ಅವಳ ಕೈ ಆಗ ನಿಂತಿತು. ಆಮೇಲೆ, "ಇದ್ನ ಅವ್ವಂಗೆ ಒಂದ್ಸಲ ಏಳ್ತೀರಾ?" ಎಂದಳು. "ನಾನ್ ಏಳುದ್ರೆ ನಂಬಕ್ಕಿಲ್ಲ. ನನ್ ತಂಗಿ ಈಗ ಏಳ್ನೇ ಕ್ಲಾಸು. ಅಕ್ಕಂಗೇ ಅತ್ಲಿಲ್ಲ, ಇವ್ಳಿಗೆ ಅತ್ತಾದಾ ಅಂತಾಳೆ. ಬ್ಯಾಸ್ಗೆ ರಜ ಆದ್ಮೇಲೆ ಅವ್ಳೂ ಇಲ್ಗೇ ಬತ್ತಾಳೆ."

ಆ ಭಾನುವಾರವೇ ಅವರ ಮನೆಗೆ ಹೋದೆ. ಅವಳ ಅವ್ವ ಕೊಟ್ಟಿಗೆಯಿಂದ ಬಂದು ಕೈ ತೊಳೆದುಕೊಂಡು, ನನಗೆ ಚಾಪೆ ಹಾಸಿದಳು. ಎಲ್ಲವನ್ನೂ ಬಿಡಿಸಿ ಹೇಳಿದೆ. ನಿಮ್ಮ ಮಗಳು ದಡ್ಡಿಯಲ್ಲ, ಆ ಪರೀಕ್ಷೆಯೇ ನಿಮ್ಮಂಥ ನಮ್ಮಂಥ ಮನೆಗಳನ್ನು ಕಂಡದ್ದಲ್ಲ, ಚಿಕ್ಕವಳನ್ನು ದಯವಿಟ್ಟು ಬಿಡಿಸಬೇಡಿ ಎಂದು ಕೈ ಮುಗಿದೆ. ಅವಳು ಎದ್ದಳು. ಒಳಗೆ ಹೋಗಿ ಟ್ರಂಕು ತೆಗೆದು, ರೇಷನ್ ಕಾರ್ಡಿನ ಜೊತೆಗಿಟ್ಟಿದ್ದ ಪ್ಲಾಸ್ಟಿಕ್ ಕವರನ್ನು ತಂದಳು. ಅದರಲ್ಲಿ ಆ ಚೀಟಿ ಇತ್ತು. 'ಪರೀಕ್ಷಿಸಲಾಗಿದೆ. ಕಲಿಕಾ ಸಾಮರ್ಥ್ಯ ಕಡಿಮೆ. ವಿಶೇಷ ಗಮನ ಅಗತ್ಯ.' ಕೆಳಗೆ ನೇರಳೆ ಬಣ್ಣದ ಗುಂಡು ಸೀಲು.

"ನಂಗೆ ಓದಕ್ಕೆ ಬರಕ್ಕಿಲ್ಲ ಕಣವ್ವ, ಅಂಗ್ಡಿಯೋರ್ ಕೈಲಿ ಓದುಸ್ದೆ" ಎಂದಳು. "ಅವತ್ತು ಬರ್ದು ಕೊಟ್ರಿ. ಈಗ ಬಾಯ್ಮಾತಲ್ಲಿ ಏಳಿದ್ರೆ ಎಂಗೆ? ಇದ್ನೂ ಬರ್ದು ಕೊಡಿ."

ನೋಟುಬುಕ್ಕಿನ ಹಾಳೆ ಹರಿದು ಬರೆದೆ. ಹಿಂದಿನ ಪರೀಕ್ಷೆಯ ಫಲಿತಾಂಶ ತಪ್ಪು, ಆ ತಪ್ಪು ನನ್ನದು, ಈ ಮನೆಯ ಮಕ್ಕಳಿಬ್ಬರೂ ಓದಲು ಯೋಗ್ಯರು. ಸಹಿ ಹಾಕಿದೆ. ಓದಿ ಹೇಳಿದೆ. ಬಾಗಿಲ ಸಂದಿಯಲ್ಲಿ ನಿಂತಿದ್ದ ತಂಗಿ ಅವ್ವನ ಮುಖವನ್ನೇ ನೋಡುತ್ತಿದ್ದಳು.

ತಾಯಿ ಹಾಳೆಯನ್ನು ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹಳೆಯ ಚೀಟಿಯ ಪಕ್ಕಕ್ಕೆ ಹಿಡಿದಳು.

"ಇದುಕ್ಕೆ ಸೀಲು ಎಲ್ಲವ್ವ?"

ಅತಿಥಿ ಉಪನ್ಯಾಸಕರಿಗೆ ಸೀಲು ಕೊಡುವುದಿಲ್ಲ. ಹಾಗೆಂದು ಹೇಳಿದೆ. ಅವಳು ತಲೆಯಾಡಿಸಿದಳು. ಹಳೆಯ ಚೀಟಿಯನ್ನು ಜೋಪಾನವಾಗಿ ಮಡಿಸಿ ರೇಷನ್ ಕಾರ್ಡಿನ ಕವರಿಗೆ ಹಾಕಿದಳು. ನನ್ನ ಹಾಳೆಯನ್ನು ಗೋಡೆಯ ಕ್ಯಾಲೆಂಡರಿನ ಹಿಂದಕ್ಕೆ ಸಿಕ್ಕಿಸಿ, "ಟೀ ಕುಡ್ಕೊಂಡೋಗಿ" ಎಂದಳು.