ನನ್ನ ಉದಾಹರಣೆ ಕೊಟ್ಟು ಅವಳ ಕಾಲೇಜು ತಪ್ಪಿಸಬೇಡಿ

ಮೊಮ್ಮಗಳು ಇವತ್ತು ಬೆಳಿಗ್ಗೆ ಕಾಲೇಜಿಗೆ ಹೋದಳು. ಬಿ.ಎಸ್ಸಿ. ಮೊದಲನೇ ದಿನ. ವಿದ್ಯಾರಣ್ಯಪುರದ ನಮ್ಮ ಬೀದಿಯ ಕೊನೆಯಲ್ಲಿ ಅವಳು ಬಸ್ಸು ಹತ್ತುವವರೆಗೂ ಗೇಟು ಹಿಡಿದು ನಿಂತಿದ್ದೆ. ಮನೆಗೆಲಸ ಮುಗಿಸಿ ಮಧ್ಯಾಹ್ನ ಮೆಷಿನ್ ಮುಂದೆ ಕೂತವಳು ಬ್ಲೌಸಿನ ಎಡ ತೋಳನ್ನು ಬಲಕ್ಕೆ ಹೊಲಿದುಬಿಟ್ಟೆ. ಹೊಲಿಗೆ ಕಲಿಯುವವರು ಮೊದಲ ವಾರ ಮಾಡುವ ತಪ್ಪು ಅದು. ಬಿಚ್ಚುತ್ತಾ ಕೂತಾಗ ಒಬ್ಬಳೇ ನಕ್ಕೆ. ನಕ್ಕು ಮುಗಿಯುವುದರೊಳಗೆ ಸಿಟ್ಟು ಬಂತು. ಈ ಸಂತೋಷ ನನಗೆ ಸುಮ್ಮನೆ ಸಿಕ್ಕಿದ್ದಲ್ಲ, ನನ್ನ ಮನೆಯವರ ಜೊತೆಯೇ ಜಗಳವಾಡಿ ಪಡೆದದ್ದು. ಆ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಓದಿದ್ದು ಎರಡನೇ ಕ್ಲಾಸು, ಕಲಿತ ನಾಲ್ಕು ಅಕ್ಷರವೂ ಮರೆತುಹೋಗಿತ್ತು. ಮದುವೆಯಾಗಿ ಹಳ್ಳಿಯಿಂದ ಮೈಸೂರಿಗೆ ಬಂದ ಮೇಲೆ ಪಕ್ಕದ ಮನೆಯ ಹೆಂಗಸಿನ ಹತ್ತಿರ ಹೊಲಿಗೆ ಕಲಿತೆ. ಕೈ ಬೇಗ ಕೂತಿತು. ಆದರೆ ಟೇಪಿನ ಮೇಲಿನ ಅಂಕಿ ಓದಲು ಬರುತ್ತಿರಲಿಲ್ಲ. ಮೂವತ್ತಾರಕ್ಕೂ ಅರವತ್ತಮೂರಕ್ಕೂ ನನಗೆ ವ್ಯತ್ಯಾಸ ಕಾಣುತ್ತಿರಲಿಲ್ಲ. ಅದಕ್ಕೆ ಒಂದು ಉಪಾಯ ಮಾಡಿಕೊಂಡೆ. ಲೈನಿಂಗ್ ಬಟ್ಟೆಯ ಅಂಚಿನಿಂದ ಉದ್ದ ಪಟ್ಟಿ ಹರಿದುಕೊಂಡು, ಅದನ್ನೇ ಮೈಗೆ ಹಿಡಿದು ಅಳೆದು, ಕತ್ತರಿಯಿಂದ ಸಣ್ಣ ಗೀರು ಹಾಕುತ್ತಿದ್ದೆ. ಎದೆಗೆ ಒಂದು ಗೀರು, ಸೊಂಟಕ್ಕೆ ಎರಡು, ತೋಳಿಗೆ ಮೂರು. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಪಟ್ಟಿ. ಗೋಡೆಗೆ ಸಾಲಾಗಿ ಮೊಳೆ ಹೊಡೆದು ನೇತುಹಾಕಿದ್ದೆ. ಯಾವ ಮೊಳೆಯಲ್ಲಿ ಯಾರ ಪಟ್ಟಿ ಎನ್ನುವುದೆಲ್ಲ ನನ್ನ ತಲೆಯಲ್ಲಿತ್ತು. ಬಂದವರು ಕೇಳಿದರೆ, 'ಟೇಪು ಮೈಗೆ ಸರಿಯಾಗಿ ಕೂರಲ್ಲ, ಬಟ್ಟೇನೇ ವಾಸಿ' ಎಂದು ಹೇಳುತ್ತಿದ್ದೆ. ನಂಬುತ್ತಿದ್ದರು.

ಹೀಗೇ ಹೊಲಿದು ಮಗನನ್ನು ಸಾಕಿದೆ. ಅವನಿಗೀಗ ಶ್ರೀರಾಂಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಅಂಕಿ ಓದುವುದನ್ನು ನನಗೆ ಕಲಿಸಿದ್ದು ಅವನ ಮಗಳು. ಅವಳು ಒಂದನೇ ಕ್ಲಾಸಿನಲ್ಲಿದ್ದಾಗ ಮೆಷಿನ್ ಪಕ್ಕ ಕೂತು ಮಗ್ಗಿ ಬರೆಯುವಳು, ನಾನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆಯುವೆ. 'ಅಜ್ಜೀ, ಒಂಬತ್ತು ಆ ಕಡೆ ತಿರುಗ್ಬಾರ್ದು!' ಎಂದು ಗದರುವಳು. ಅಕ್ಷರ ಕೂಡಿಸಿ ಬರೆಯಲು ಕಲಿತದ್ದೂ ಆಗಲೇ.

ಈಗ ನಡೆದದ್ದು ಹೀಗೆ. ನನ್ನ ತಮ್ಮನ ಮಗ ಒಂದು ದಿನ ಮನೆಗೆ ಬಂದವನು ಮೊಳೆಯಲ್ಲಿ ನೇತಾಡುತ್ತಿದ್ದ ಹಳೆಯ ಪಟ್ಟಿಗಳನ್ನು ನೋಡಿ ಫೋನಿನಲ್ಲಿ ವಿಡಿಯೋ ಮಾಡಿದ. ನಾನು ಹಲ್ಲು ಕಿರಿದು ಮಾತಾಡಿದೆ, ನನ್ನದೂ ತಪ್ಪಿದೆ. 'ಓದದೇ ಗೆದ್ದ ಅಜ್ಜಿ' ಎಂದು ಹೆಸರಿಟ್ಟು ಎಲ್ಲರಿಗೂ ಕಳಿಸಿದ. ಬೀದಿಗೆ ಬೀದಿಯೇ ನೋಡಿತು. ಮೂಲೆ ಮನೆಯ ರಿಟೈರ್ಡ್ ಆಫೀಸರು ಹಾಲಿನ ಬೂತಿನ ಹತ್ತಿರ ನಿಲ್ಲಿಸಿ, 'ಕಾಲೇಜೆಲ್ಲ ವೇಸ್ಟು ಕಣ್ರೀ. ನಿಮ್ಮಂಥೋರೇ ನಿಜವಾದ ಇಂಜಿನಿಯರ್ರು' ಎಂದರು. ಅವರ ಮಕ್ಕಳಿಬ್ಬರೂ ಡಿಗ್ರಿ ಮುಗಿಸಿದವರು. ಅವರನ್ನು ಯಾಕೆ ಸ್ವಾಮಿ ಬ್ಲೌಸ್ ಹೊಲಿಯಲು ಕಳಿಸಲಿಲ್ಲ ಎಂದು ಕೇಳಬೇಕಿತ್ತು. ಕೇಳದೆ ಹಾಲು ತೆಗೆದುಕೊಂಡು ಬಂದೆ. ಅದಕ್ಕೆ ಈಗಲೂ ನನ್ನ ಮೇಲೇ ಸಿಟ್ಟಿದೆ.

ಮೊಮ್ಮಗಳಿಗೆ ಗಣಿತ ಓದುವ ಆಸೆ. ಸೀಟು ಸಿಕ್ಕಿತ್ತು. ಅಪ್ಪನ ಸಹಿ ಬೀಳಬೇಕಿತ್ತು, ಸೋಮವಾರವೇ ಕೊನೆಯ ದಿನ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಫಾರಂ ಮುಂದೆ ಇಟ್ಟಳು. ಮಗ ಅದನ್ನು ನೋಡಲೂ ಇಲ್ಲ.

'ಎದುರುಮನೆ ಹುಡುಗಿ ಇಂಜಿನಿಯರಿಂಗ್ ಮಾಡಿ ಸೀರೆ ಅಂಗಡೀಲಿ ಬಿಲ್ ಹಾಕ್ತಾವ್ಳೆ. ನೀನು ಗಣಿತ ಓದಿ ಏನ್ ಕಡಿದು ಕಟ್ಟೆ ಹಾಕ್ತೀಯ?' ಎಂದ. 'ಅಜ್ಜಿ ಹತ್ರ ಕೂತ್ಕೊಂಡು ಕಲಿ. ಮುಂದಿನ ರೂಮ್ನೇ ಬೊಟಿಕ್ ಮಾಡ್ಕೊಡ್ತೀನಿ. ವಿಡಿಯೋ ನೋಡಿಲ್ವಾ? ಅಜ್ಜಿ ಯಾವ್ ಕಾಲೇಜಿಗೆ ಹೋಗಿದ್ರು?'

'ನಂಗೆ ಹೊಲ್ಯಕ್ಕೂ ಬರ್ತದೆ ಅಪ್ಪ. ಓದ್ಬೇಕು ಅಂತ ಆಸೆ ಅಷ್ಟೇ' ಎಂದಳು ಮಗು.

ಸೊಸೆ ತಟ್ಟೆ ತೆಗೆಯುತ್ತಾ, 'ನಾನ್ ಹೇಳಿ ಹೇಳಿ ಸಾಕಾಯ್ತು ಅತ್ತೆ, ನೀವಾದ್ರೂ ಹೇಳಿ' ಎಂದಳು.

'ಅವ್ವ ಏನ್ ಹೇಳ್ತಾಳೆ? ಅವಳೇ ಸಾಕ್ಷಿ' ಎಂದು ಮಗ ನಕ್ಕ.

ಆ ನಗು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ಯಾರಿಗೂ ಹೇಳದೆ ಬಚ್ಚಿಟ್ಟಿದ್ದ ಒಂದು ಮಾತಿತ್ತು, ಗಂಡನಿಗೂ ಹೇಳಿರಲಿಲ್ಲ. ಅವರು ಹೋಗಿ ಎಷ್ಟೋ ವರ್ಷವಾಯಿತು.

'ಕೇಳೋ ಇಲ್ಲಿ. ನೀನು ಸಣ್ಣೋನಿದ್ದಾಗ ಯಾದವಗಿರಿಯಲ್ಲಿ ಒಂದು ಮದುವೆ. ಮದುವಣಗಿತ್ತಿ ಬ್ಲೌಸು ನಾನೇ ಹೊಲ್ದಿದ್ದೆ' ಎಂದು ಶುರು ಮಾಡಿದೆ.

ಅಕ್ಕ ತಂಗಿ ಇಬ್ಬರೇ ಇದ್ದ ಮನೆ ಅದು. ತಂಗಿಯ ಮದುವೆ. ಇಬ್ಬರ ಪಟ್ಟಿಯೂ ಹಸಿರೇ ಆಗಿಬಿಟ್ಟಿತ್ತು, ಆದರೆ ಮೊಳೆ ಬೇರೆ ಬೇರೆ. ಗೌರಿ ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆಯಲು ಪಟ್ಟಿಗಳನ್ನೆಲ್ಲ ಇಳಿಸಿ ಗಂಟು ಕಟ್ಟಿದ್ದೆ. ತಿರುಗಿ ನೇತುಹಾಕುವಾಗ ಆ ಎರಡು ಅದಲುಬದಲಾದವು. ಮದುಮಗಳ ಧಾರೆ ಸೀರೆಯ ಬ್ಲೌಸನ್ನು ಅವಳ ಸಣಕಲು ಅಕ್ಕನ ಅಳತೆಗೆ ಕತ್ತರಿಸಿದೆ. ಮುಹೂರ್ತದ ಬೆಳಿಗ್ಗೆ ಹುಕ್ಕು ಕೂಡಲಿಲ್ಲ. ನನ್ನನ್ನು ಛತ್ರಕ್ಕೆ ಕರೆಸಿದರು. ಮೊಳೆಯಿಂದ ಅವಳ ಪಟ್ಟಿ ಕಿತ್ತುಕೊಂಡೇ ಓಡಿದ್ದೆ. ಆ ಹುಡುಗಿಯ ಮೈಗೆ ಹಿಡಿದ ತಕ್ಷಣ ನನ್ನ ತಪ್ಪು ನನಗೆ ಗೊತ್ತಾಯಿತು. ಅಷ್ಟರಲ್ಲಿ ಅವಳ ತಾಯಿ, 'ಎಷ್ಟು ಇಂಚು ಅಂತ ಬರ್ಕೊಂಡಿದ್ದೀರಿ? ಪುಸ್ತಕ ತೋರಿಸಿ' ಎಂದರು. ರೂಮಿನ ತುಂಬ ಹೆಂಗಸರು. ಪುಸ್ತಕ ಎಲ್ಲಿಂದ ತರಲಿ? ಅಂಕಿ ಬರುವುದಿಲ್ಲ ಎಂದು ಹೇಳಲು ಬಾಯಿ ಏಳಲಿಲ್ಲ. 'ನನ್ ಅಳತೆ ಸರಿಯಾಗೇ ಅದೆ ಕಣಮ್ಮ. ಹುಡುಗಿ ದಪ್ಪ ಆಗ್ಬುಟ್ಟವ್ಳೆ' ಎಂದುಬಿಟ್ಟೆ.

ಯಾರೋ ಕಿಸಕ್ಕೆಂದು ನಕ್ಕರು. 'ನಿಶ್ಚಿತಾರ್ಥ ಆದ್ಮೇಲೆ ಹಂಗೇ' ಎಂದರು ಇನ್ನೊಬ್ಬರು. ಆ ಹುಡುಗಿ ನನ್ನ ಕೈಯಲ್ಲಿದ್ದ ಪಟ್ಟಿಯನ್ನೇ ನೋಡುತ್ತಾ, 'ಇಲ್ಲ ಕಣಕ್ಕ, ನಾನು ದಪ್ಪ ಆಗಿಲ್ಲ' ಎಂದಳು. ಹಚ್ಚಿದ್ದ ಕಾಡಿಗೆ ಕರಗಿ ಕೆನ್ನೆಗಿಳಿಯಿತು. ಕಂಕುಳಿಗೆ ಬೇರೆ ಬಟ್ಟೆಯ ತುಂಡು ಸೇರಿಸಿ ಹೊಲಿದುಕೊಟ್ಟು ಬಂದೆ. ಧಾರೆ ಮುಗಿಯುವವರೆಗೂ ಅವಳು ಸೆರಗು ಹೊದ್ದು, ತೋಳು ಎತ್ತದೆ ಕೂತಿದ್ದಳಂತೆ.

ಹೇಳಿ ಮುಗಿಸಿದಾಗ ಮಗ ತಲೆ ತಗ್ಗಿಸಿದ್ದ. 'ಅದಕ್ಕೇನಾ ನೀನು ಯಾದವಗಿರಿ ಬಸ್ಸೇ ಹತ್ತುತಿರ್ಲಿಲ್ಲ?' ಎಂದ. ಆಮೇಲೆ, 'ಆದ್ರೂ ಒಂದ್ ಬ್ಲೌಸ್ ಕೆಟ್ಟಿದ್ದಕ್ಕೆ ಇಷ್ಟೊಂದಾ ಅವ್ವ?' ಎಂದ.

'ಬ್ಲೌಸಲ್ಲ ಕಣೋ ಕೆಟ್ಟಿದ್ದು!' ಎಂದು ಕೂಗಿದೆ. ಪಕ್ಕದ ಮನೆಗೂ ಕೇಳಿಸಿರಬೇಕು. 'ನನಗೆ ಬರಲ್ಲ ಅನ್ನೋದನ್ನ ಮುಚ್ಕೊಳಕ್ಕೆ ಆ ಮಗೂನ ಅವಳ ಮದುವೆ ದಿನ ಅಳಿಸ್ದೆ. ಆ ಪಟ್ಟಿ ನನ್ ಜಾಣತನ ಅಲ್ಲ, ನನ್ ನಾಚಿಕೆ. ಅದನ್ನ ಗೋಡೆಗೆ ನೇತಾಕಿದ್ರೆ ನೀವೆಲ್ಲ ಚಪ್ಪಾಳೆ ತಟ್ತೀರಾ? ಅದನ್ನ ತೋರ್ಸಿ ಇವಳ ಕಾಲೇಜು ತಪ್ಪಿಸ್ತೀರಾ? ಕಾಲೇಜಿಗೆ ಹೋದ್ರೆ ಕೆಲಸ ಸಿಗ್ತದೋ ಇಲ್ವೋ ನಂಗೊತ್ತಿಲ್ಲ. ಎದುರುಮನೆ ಹುಡುಗಿ ಬಿಲ್ಲೇ ಹಾಕ್ತಾವ್ಳೆ, ನಿಜ. ಬೇಡ ಅನ್ಸಿದ್ರೆ ನಾಳೆ ಇನ್ನೊಂದು ಕಡೆ ಅರ್ಜಿ ಬರೆದು ಹಾಕ್ತಾಳೆ. ನಾನು ಈ ಹೊಲಿಗೇನ ಆರಿಸ್ಕೊಂಡೋಳಲ್ಲ, ಬೇರೆ ಏನೂ ಇರ್ಲಿಲ್ಲ ನಂಗೆ. ಓದಿದ ಮೇಲೂ ಇವಳಿಗೆ ಹೊಲಿಗೇನೇ ಬೇಕು ಅನ್ಸಿದ್ರೆ ಬರ್ಲಿ, ಮೆಷಿನ್ ಬಿಟ್ಟು ನಾನೇ ಎದ್ದೇಳ್ತೀನಿ. ಈಗ ಸಹಿ ಹಾಕು.'

ಅವನು ತಕ್ಷಣ ಹಾಕಲಿಲ್ಲ. ಹೊರಗೆ ಹೋಗಿ ಜಗುಲಿಯ ಮೇಲೆ ಸ್ವಲ್ಪ ಹೊತ್ತು ಕೂತ. ಒಳಗೆ ಬಂದವನು ಮಗಳ ಮುಖ ನೋಡದೆ, 'ಪೆನ್ ಎಲ್ಲಮ್ಮ?' ಎಂದ.

ಆ ಸಂಜೆಯೇ ಪಟ್ಟಿಗಳನ್ನೆಲ್ಲ ಇಳಿಸಿ ದಿಂಬಿಗೆ ತುಂಬಿದೆ. ಮೊಮ್ಮಗಳ ಕಾಲೇಜಿನ ಕುರ್ತಾಗೆ ಟೇಪು ಹಿಡಿದು ಅಳೆದೆ, ಅಂಕಿಗಳನ್ನು ನಾನೇ ಪುಸ್ತಕದಲ್ಲಿ ಬರೆದೆ. ಅವಳು ಬಗ್ಗಿ ನೋಡಿ, 'ಒಂಬತ್ತು ಸರಿಯಾಗೇ ಅದೆ' ಎಂದಳು.

ಇವತ್ತು ತೋಳು ಬಿಚ್ಚುತ್ತಿರುವಾಗಲೇ ತಮ್ಮನ ಮಗನ ಫೋನು ಬಂತು. ಜನ ಇನ್ನೊಂದು ವಿಡಿಯೋ ಕೇಳುತ್ತಿದ್ದಾರಂತೆ. 'ಬಾರೋ. ಒಂದು ಮದುವೆ ಕಥೆ ಹೇಳ್ತೀನಿ' ಎಂದು ಯಾದವಗಿರಿಯದನ್ನು ಫೋನಿನಲ್ಲೇ ಅರ್ಧ ಹೇಳಿದೆ.

'ಅಯ್ಯೋ, ಅದು ಬೇಡ ಅತ್ತೆ. ಜನಕ್ಕೆ ಇಷ್ಟ ಆಗಲ್ಲ' ಎಂದ.

'ಹಂಗಾದ್ರೆ ಮೊದಲ್ನೇದನ್ನೂ ಅಳಿಸು' ಎಂದು ಫೋನು ಇಟ್ಟೆ. ಗಂಟೆ ನಾಲ್ಕಾಗಿತ್ತು. ಕಾಲೇಜು ಬಿಡುವ ಹೊತ್ತು ಎಂದುಕೊಂಡು, ಬಿಚ್ಚಿದ ತೋಳನ್ನು ಹಾಗೇ ಬಿಟ್ಟು ಗೇಟಿನ ಹತ್ತಿರ ಹೋದೆ.