ಪೌಡರ್ ಬಳಿದ ಎಂಜಿನ್

ಬಂಗಾರಪೇಟೆಯಿಂದ ಚಿನ್ನದ ಗಣಿಯ ಊರಾದ ಈ ಮಾರಿಕುಪ್ಪಂವರೆಗೆ ನನ್ನ ಮೋಟಾರ್‌ಸೈಕಲ್ಲು ನಿಂತಲ್ಲೆಲ್ಲ ಎಣ್ಣೆಯ ಬೊಟ್ಟಿಟ್ಟು ಬಂದಿದೆ. ಇಲ್ಲಿಯ ಮೆಕ್ಯಾನಿಕ್ ಮುನಿಯಪ್ಪ ಎಂಜಿನ್ನನ್ನು ಒರೆಸಿ, ತನ್ನ ಹೆಂಡತಿ ಮುಖಕ್ಕೆ ಹಚ್ಚುವ ಪೌಡರನ್ನು ಅದಕ್ಕೆ ಧಾರಾಳವಾಗಿ ಬಳಿದ.

"ಎಲ್ಲಿ ಒದ್ದೆಯಾಯ್ತದೋ ಅಲ್ಲೇ ಸೋರ್ತಾ ಐತೆ ಅಂತ ಲೆಕ್ಕ, ಸ್ವಾಮಿ."

"ನನ್ ಮದುವೇಲೂ ನಂಗೆ ಇಷ್ಟು ಬಳಿದಿರ್ಲಿಲ್ಲ," ಎಂದಳು ಹೆಂಡತಿ ಒಳಗಿನಿಂದ.

ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ, ಹೆಣ್ಣು ನೋಡಲು ಬಂದ ಬೀಗರ ಗಾಂಭೀರ್ಯದಿಂದ ನಾವಿಬ್ಬರೂ ಅದರ ಮುಂದೆ ಕುಳಿತೆವು. ತಳದ ಬೋಲ್ಟಿನ ಸುತ್ತ ಕಪ್ಪು ಗೆರೆಯೊಂದು ನಿಧಾನವಾಗಿ ಮೂಡಿತು. ಮುನಿಯಪ್ಪ ಸ್ಪ್ಯಾನರ್ ಎತ್ತಿಕೊಂಡ. ಆಗ, ಗಾಳಿಯಿಲ್ಲದೆ, ಯಾರೂ ಮುಟ್ಟದೆ, ಎಂಜಿನ್ನಿನ ಪೌಡರೆಲ್ಲ ಒಮ್ಮೆಲೇ ಉದುರಿತು. ಆಮೇಲೆ ಕಾಲಡಿಯಲ್ಲಿ ನೆಲ ಗುಡುಗಿತು.

"ಗಣಿಯೊಳಗೆ ಬಂಡೆ ಸಿಡೀತು," ಎಂದ ಮುನಿಯಪ್ಪ. "ನನ್ ತಮ್ಮ ಕೆಳಗವ್ನೆ."

ಯಾರೂ ಕೂಗಲಿಲ್ಲ. ಸಾಲುಮನೆಗಳ ಹೆಂಗಸರು ಹೊಸ್ತಿಲಿಗೆ ಬಂದು, ಗಣಿಬಾಯಿಯ ಮೇಲೆ ಆಳುಗಳನ್ನು ಇಳಿಸಿ ಏರಿಸುವ ದೊಡ್ಡ ಚಕ್ರವನ್ನೇ ನೋಡುತ್ತ ನಿಂತರು. ಅದು ತಿರುಗುತ್ತಿರಲಿಲ್ಲ. ನಾನೂ ನೋಡಿದೆ; ನೋಡದಿರುವುದು ಅಸಭ್ಯತೆ ಅನ್ನಿಸಿತು. ಬಹಳ ಹೊತ್ತಿನ ಮೇಲೆ ಚಕ್ರ ತಿರುಗತೊಡಗಿತು.

"ಸದ್ಯ, ಎಲ್ಲ ಸರಿಹೋಯಿತಲ್ಲ," ಎಂದೆ.

"ಯಾರನ್ನೋ ಮೇಲಕ್ಕೆ ತತ್ತಾವ್ರೆ, ಅಷ್ಟೇ," ಎಂದು ಅವನು ಸ್ಪ್ಯಾನರನ್ನು ನನ್ನ ಕೈಗಿಟ್ಟ. "ಬೋಲ್ಟು ನೀವೇ ಬಿಗಿ ಮಾಡ್ಕಳಿ."

ಬಿಗಿ ಮಾಡಿದೆ. ಸ್ಪ್ಯಾನರ್ ಹಿಂದಿರುಗಿಸೋಣವೆಂದು ಎದ್ದು ನೋಡಿದರೆ, ಬೀದಿಯುದ್ದಕ್ಕೂ ಬಾಗಿಲುಗಳು ತೆರೆದಿದ್ದವು, ಒಲೆಗಳು ಉರಿಯುತ್ತಿದ್ದವು. ಒಂದು ಮನೆಯಲ್ಲೂ ಯಾರೂ ಇರಲಿಲ್ಲ.